ಗೆದ್ದವರ ಪುಸ್ತಕ, ಕುಬಟೂರಿನ ಕಲ್ಲು

ಇತ್ತೀಚೆಗೆ ಓದಿದ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿ ನೋಡಿದರೆ ಎರಡೇ ಗುಂಪು. ಒಂದು ಕಡೆ ಇತಿಹಾಸದ ಪತ್ತೇದಾರಿ ಕಾದಂಬರಿಗಳು, ಇನ್ನೊಂದು ಕಡೆ ರಾಜರಾಣಿಯರ ಜೀವನಚರಿತ್ರೆಗಳು. ಬೇಕೆಂದು ಆರಿಸಿಕೊಂಡದ್ದಲ್ಲ. ಒಂದು ಓದಿದ ಮೇಲೆ ಇನ್ನೊಂದು ಕೈಗೆ ಬಂತು, ಅಷ್ಟೆ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ಒಂದು ಮಾತು ಹೊಳೆಯಿತು. ಪತ್ತೇದಾರಿ ಕಾದಂಬರಿ ಮೊದಲ ಪುಟದಿಂದಲೇ ಕೇಳುವ ಪ್ರಶ್ನೆ: ಇದರಿಂದ ಯಾರಿಗೆ ಲಾಭ? ರಾಜನ ಚರಿತ್ರೆ ಕೊನೆಯ ಪುಟದವರೆಗೂ ಮುಚ್ಚಿಡಲು ನೋಡುವುದೂ ಅದೇ ಪ್ರಶ್ನೆಯನ್ನು!

ಈ ಎರಡರ ನಡುವೆ ಮೂರನೆಯ ಸಾಕ್ಷಿಯೊಂದಿದೆ. ಅದು ನಮ್ಮ ಹಳ್ಳಿಗಳ ದೇವಸ್ಥಾನದ ಮುಂದೆ, ಬಸದಿಯ ಗೋಡೆ ಪಕ್ಕ, ಕೆರೆ ಏರಿಯ ಮೇಲೆ ನಿಂತಿರುವ ಕಲ್ಲು. ಸೊರಬ ತಾಲ್ಲೂಕಿನ ಕುಬಟೂರಿನ ಕಲ್ಲನ್ನು ಇಟ್ಟುಕೊಂಡು ಈ ಪುಸ್ತಕಗಳನ್ನು ಮತ್ತೊಮ್ಮೆ ಓದಿದರೆ ಹೇಗಿರುತ್ತದೆ ಅನ್ನೋದೇ ಈ ಬರಹ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ :)

*

ಮೊದಲು ದೂರದ ಪುಸ್ತಕ. ಜೋಸೆಫೀನ್ ಟೇ ಎಂಬ ಲೇಖಕಿ 1951ರಲ್ಲಿ ಪ್ರಕಟಿಸಿದ 'ದಿ ಡಾಟರ್ ಆಫ್ ಟೈಮ್'. ಸ್ಕಾಟ್‌ಲೆಂಡ್ ಯಾರ್ಡಿನ ಇನ್ಸ್‌ಪೆಕ್ಟರ್ ಅಲನ್ ಗ್ರಾಂಟ್ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಹೊತ್ತು ಹೋಗುತ್ತಿಲ್ಲ. ಆಗ ಅವನ ಕೈಗೆ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಚಿತ್ರ ಸಿಗುತ್ತದೆ. ಅಣ್ಣನ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿ ಪಟ್ಟಕ್ಕೇರಿದ ಪಾಪಿ ಎಂದು ಶಾಲೆಯ ಪುಸ್ತಕದಿಂದ ಶೇಕ್ಸ್‌ಪಿಯರ್‌ವರೆಗೆ ಎಲ್ಲರೂ ಹೇಳಿದ ಮನುಷ್ಯ. ಗ್ರಾಂಟ್‌ಗೆ ಆ ಮುಖ ಕೊಲೆಗಾರನದು ಅನ್ನಿಸುವುದಿಲ್ಲ. ಹಾಸಿಗೆಯ ಮೇಲೆ ಮಲಗಿಕೊಂಡೇ, 400 ವರ್ಷಕ್ಕೂ ಹಳೆಯ ಕೇಸನ್ನು ಮತ್ತೆ ತೆರೆಯುತ್ತಾನೆ.

ಈ ಕಾದಂಬರಿಯಲ್ಲಿ ಒಂದು ಕೋವಿಯ ಸದ್ದಿಲ್ಲ, ಓಡಾಟವಿಲ್ಲ. ಇರುವುದು ಬರೀ ಓದು. ಎಲ್ಲರೂ ಆಧಾರವಾಗಿ ಹಿಡಿಯುವ ಚರಿತ್ರೆಯನ್ನು ಬರೆದವನು ಥಾಮಸ್ ಮೋರ್. ರಿಚರ್ಡ್ ಪಟ್ಟಕ್ಕೆ ಬಂದಾಗ ಮೋರ್‌ಗೆ ಐದು ವರ್ಷ, ಸತ್ತಾಗ ಏಳು. ಅಂದರೆ ಕಣ್ಣಾರೆ ಕಂಡ ಸಾಕ್ಷಿಯಲ್ಲ, ಕೇಳಿ ಬರೆದವನು. ಯಾರಿಂದ ಕೇಳಿದ? ರಿಚರ್ಡನನ್ನು ಸೋಲಿಸಿ ಬಂದ ಟ್ಯೂಡರ್ ಮನೆತನದ ಆಸರೆಯಲ್ಲಿದ್ದವರಿಂದ. ಅಲ್ಲಿಗೆ ಗ್ರಾಂಟ್‌ನ ಅನುಮಾನ ಗಟ್ಟಿಯಾಗುತ್ತದೆ. ಅವನ ತೀರ್ಪನ್ನು ಇತಿಹಾಸಕಾರರೆಲ್ಲ ಒಪ್ಪಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. 2012ರಲ್ಲಿ ಲೆಸ್ಟರ್ ಪಟ್ಟಣದ ಕಾರ್ ಪಾರ್ಕಿಂಗ್ ಒಂದರ ಅಡಿಯಲ್ಲಿ ರಿಚರ್ಡನ ಅಸ್ಥಿಪಂಜರವೇ ಸಿಕ್ಕಿತು, 2015ರಲ್ಲಿ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಸೋತವನಿಗೆ ಐದು ಶತಮಾನ ಕಳೆದ ಮೇಲಾದರೂ ಒಂದು ಗೌರವ ಸಿಕ್ಕಿತು ಅನ್ನಿ.

ಈ ಪುಸ್ತಕ ಮುಗಿಸಿದ ಗುಂಗಿನಲ್ಲೇ ಬಿಲ್ಹಣನ 'ವಿಕ್ರಮಾಂಕದೇವಚರಿತ' ಹಿಡಿದೆ. ಹಿಡಿದ ಮೇಲೆ ಗ್ರಾಂಟ್ ನನ್ನ ತಲೆಯಿಂದ ಇಳಿಯಲೇ ಇಲ್ಲ!

*

ಬಿಲ್ಹಣ ಕಾಶ್ಮೀರದವನು. ಊರು ಬಿಟ್ಟು ಮಥುರೆ, ಕನೌಜು, ಕಾಶಿ, ಗುಜರಾತು ಎಂದೆಲ್ಲ ಸುತ್ತಿ, ರಾಮೇಶ್ವರದವರೆಗೂ ಹೋಗಿ, ಕೊನೆಗೆ ನಮ್ಮ ಕಲ್ಯಾಣಕ್ಕೆ ಬಂದು ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. 'ವಿದ್ಯಾಪತಿ' ಎಂಬ ಪದವಿ ಸಿಕ್ಕಿತು. ಅವನ ವೈಭವ ಎಷ್ಟಿತ್ತೆಂದರೆ, ಕರ್ಣಾಟದ ದೊರೆಯ ಆನೆಗಳ ನಡುವೆ ಈ ಕವಿಯ ಛತ್ರಿ ದೊರೆಯ ಕಣ್ಣೆದುರೇ ಎತ್ತರಕ್ಕೆ ಮೆರೆಯುತ್ತಿತ್ತು ಎಂದು ಅವನದೇ ನಾಡಿನ ಕಲ್ಹಣ 'ರಾಜತರಂಗಿಣಿ'ಯಲ್ಲಿ ಹೇಳುತ್ತಾನೆ. ಆ ಅನ್ನದ ಋಣಕ್ಕೆ ಬಿಲ್ಹಣ ಬರೆದುಕೊಟ್ಟದ್ದು 18 ಸರ್ಗಗಳ ಸಂಸ್ಕೃತ ಕಾವ್ಯ.

ಈ ಕಾವ್ಯ ಮತ್ತೆ ಬೆಳಕಿಗೆ ಬಂದ ಕಥೆಯೇ ಒಂದು ಸಣ್ಣ ಪತ್ತೇದಾರಿ. 1874ರಲ್ಲಿ ಜರ್ಮನ್ ವಿದ್ವಾಂಸ ಗೇಯಾರ್ಗ್ ಬ್ಯೂಲರ್ ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರಿಗೆ ಹೋದ. ಅಲ್ಲಿನ ಜೈನ ಭಂಡಾರದಲ್ಲಿ ತಾಳೆಗರಿಯ ಪ್ರತಿ ಸಿಕ್ಕಿತು. ಜೊತೆಗಿದ್ದ ಹರ್ಮನ್ ಯಾಕೋಬಿ ಮತ್ತು ಅವನು ಇಬ್ಬರೂ ಸೇರಿ ಒಂದು ವಾರ ಕೂತು ಅದನ್ನು ನಕಲು ಮಾಡಿಕೊಂಡರು. 1875ರಲ್ಲಿ ಅಚ್ಚಾಯಿತು. ಕನ್ನಡ ನಾಡಿನ ದೊರೆಯ ಚರಿತ್ರೆ, ಬರೆದವನು ಕಾಶ್ಮೀರಿ, ಉಳಿಸಿದ್ದು ರಾಜಸ್ಥಾನದ ಜೈನರು, ಓದಿಸಿದ್ದು ಜರ್ಮನಿಯವರು... ನೋಡಿ ಹೇಗಿದೆ!

ಇನ್ನು ಕಥೆಗೆ ಬರೋಣ. ತಂದೆ ಆಹವಮಲ್ಲ ಸೋಮೇಶ್ವರನಿಗೆ ಮೂವರು ಮಕ್ಕಳು: ಸೋಮೇಶ್ವರ, ವಿಕ್ರಮಾದಿತ್ಯ, ಜಯಸಿಂಹ. ನಡುವಿನವನೇ ಎಲ್ಲರಿಗಿಂತ ದೊಡ್ಡವನಾಗುತ್ತಾನೆ ಎಂದು ಹುಟ್ಟುವ ಮೊದಲೇ ಅಶರೀರವಾಣಿ. ತಂದೆ ಇವನನ್ನೇ ಯುವರಾಜ ಮಾಡಲು ಹೊರಟರೆ, ಅಣ್ಣನಿರುವಾಗ ನನಗೆ ಬೇಡ ಎಂದ ಧರ್ಮಾತ್ಮ ಇವನು. 1068ರಲ್ಲಿ ರೋಗ ವಾಸಿಯಾಗದೆ ಆಹವಮಲ್ಲ ಕುರುವತ್ತಿಯಲ್ಲಿ ತುಂಗಭದ್ರೆಯ ಪಾಲಾದ. ಅಣ್ಣನಿಗೆ ಪಟ್ಟವಾಯಿತು. ಪಟ್ಟವಾದ ಮೇಲೆ ಅಣ್ಣ ಕೆಟ್ಟ. ಸೊಕ್ಕು, ದುರಾಸೆ, ಅನುಮಾನ, ಕ್ರೌರ್ಯ ಒಂದೂ ಬಿಟ್ಟಿಲ್ಲ. ತಮ್ಮ ಬೇಸತ್ತು ಜಯಸಿಂಹನನ್ನು ಕರೆದುಕೊಂಡು ಹೊರಟ. ಚೋಳರಾಜನ ಮಗಳನ್ನು ಮದುವೆಯಾದ. ಕೊನೆಗೆ ಅಣ್ಣನೇ ಶತ್ರುವಿನ ಜೊತೆ ಕೈಜೋಡಿಸಿ ಯುದ್ಧಕ್ಕೆ ಬಂದ. ಅಣ್ಣನ ಮೇಲೆ ಕತ್ತಿ ಎತ್ತಲು ಇವನಿಗೆ ಮನಸ್ಸಿಲ್ಲ. ಆಗ ಶಿವ ಕನಸಿನಲ್ಲಿ ಬಂದು ಯುದ್ಧ ಮಾಡು ಅಂದ. ಗೆದ್ದ. ಅಣ್ಣ ಸೆರೆ ಸಿಕ್ಕ. ಬಿಟ್ಟುಬಿಡೋಣ ಎಂದುಕೊಂಡ. ಮತ್ತೆ ಶಿವ ಬಂದು, ಬೇಡ, ನೀನೇ ಆಳು ಅಂದ. ಪಾಪ, ಏನು ಮಾಡುವುದು, ಆಳಿದ. 1076ರಿಂದ ಸುಮಾರು 50 ವರ್ಷ!

ಗ್ರಾಂಟ್ ಇದ್ದಿದ್ದರೆ ಇಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿದ್ದ. ಒಂದು, ಬಿಲ್ಹಣ ಕಲ್ಯಾಣಕ್ಕೆ ಬಂದದ್ದು ಇದೆಲ್ಲ ಮುಗಿದು, ಗೆದ್ದವನು ಸಿಂಹಾಸನದ ಮೇಲೆ ಕೂತ ನಂತರ. ಮೋರ್‌ನ ಹಾಗೆ ಇವನೂ ಕೇಳಿ ಬರೆದವನು. ಎರಡು, ಎಲ್ಲಿ ವಿಕ್ರಮಾದಿತ್ಯನ ನಡತೆಗೆ ಸಮಜಾಯಿಷಿ ಬೇಕೋ ಸರಿಯಾಗಿ ಅಲ್ಲೇ ದೇವರು ಕನಸಿನಲ್ಲಿ ಬರುತ್ತಾನೆ. ಬೇರೆ ಕಡೆ ಬರುವುದಿಲ್ಲ. ಮೂರು, ಸೆರೆಸಿಕ್ಕ ಅಣ್ಣ ಮುಂದೇನಾದ? ಬಿಲ್ಹಣ ತುಟಿ ಬಿಚ್ಚುವುದಿಲ್ಲ. ಮುಂದಿನ ಸರ್ಗದಿಂದ ವಸಂತ, ಕರಹಾಟದ ಶಿಲಾಹಾರ ರಾಜಕುಮಾರಿ ಚಂದಲದೇವಿಯ ಸ್ವಯಂವರ, ಉಯ್ಯಾಲೆ, ಜಲಕ್ರೀಡೆ!

ಮತ್ತೊಂದು ವಿಷಯ. ವಿಕ್ರಮಾದಿತ್ಯ ಪಟ್ಟಕ್ಕೆ ಬಂದವನೇ ಶಕವರ್ಷ ಬಿಟ್ಟು ತನ್ನದೇ 'ಚಾಲುಕ್ಯ ವಿಕ್ರಮ ವರ್ಷ' ಆರಂಭಿಸಿದ. ಅಣ್ಣನನ್ನು ಇಳಿಸಿದ ಆ 1076ರಿಂದಲೇ ನಾಡಿನ ಕಾಲಗಣನೆ ಶುರು. ಬನವಾಸಿ ಸೀಮೆಯ ಎಷ್ಟೋ ಶಾಸನಗಳಲ್ಲಿ ಈ ಲೆಕ್ಕವೇ ಇದೆ. ಚರಿತ್ರೆ ಬರೆಸುವುದು ಒಂದು ತೂಕವಾದರೆ, ಕ್ಯಾಲೆಂಡರನ್ನೇ ಬದಲಿಸುವುದು ಇನ್ನೊಂದು ತೂಕ. ಸಾಲದ್ದಕ್ಕೆ ಅವನ ಮಗ ಮೂರನೇ ಸೋಮೇಶ್ವರ 'ವಿಕ್ರಮಾಂಕಾಭ್ಯುದಯ' ಎಂದು ಅಪ್ಪನ ಮೇಲೆ ಇನ್ನೊಂದು ಚರಿತ್ರೆ ಬರೆದ. ಗೆದ್ದೆತ್ತಿನ ಬಾಲ ಹಿಡಿಯುವುದು ಅಂತಾರಲ್ಲ, ಆ ಕಾಲಕ್ಕೂ ಅದು ಇತ್ತು.

ಸೋತ ಅಣ್ಣನ ಪರವಾಗಿ ಯಾರೂ ಕಾವ್ಯ ಬರೆಯಲಿಲ್ಲ. ಅವನ ಪರವಾಗಿ ಇರುವುದು ಕಲ್ಲು ಮಾತ್ರ. ಎರಡನೇ ಸೋಮೇಶ್ವರನಿಗೆ 'ಭುವನೈಕಮಲ್ಲ' ಎಂಬ ಬಿರುದಿತ್ತು. ಪಟ್ಟಕ್ಕೆ ಬಂದ ಹೊಸದರಲ್ಲೇ ಗುತ್ತಿ ಕೋಟೆಗೆ ಮುತ್ತಿಗೆ ಹಾಕಿದ ಚೋಳನನ್ನು ಅವನು ಓಡಿಸಿದ ಎಂದು ಅವನ ಕಾಲದ ಶಾಸನ ಹೇಳುತ್ತದೆ. ಬಿಲ್ಹಣನ ಪುಟಗಳಲ್ಲಿರುವ ಕೈಲಾಗದ, ಕಾಮಾಲೆ ಕಣ್ಣಿನ ದೊರೆ ಇವನೇನಾ ಅನ್ನಿಸುತ್ತದೆ. ಶಾಸನ ಕೂಡ ಹೊಗಳಿಕೆಯೇ, ಒಪ್ಪಿದೆ. ಆದರೆ ಎರಡು ಹೊಗಳಿಕೆಗಳನ್ನು ಎದುರುಬದುರು ನಿಲ್ಲಿಸಿದಾಗ ಮಾತ್ರ ಮನುಷ್ಯನೊಬ್ಬನ ನೆರಳು ಕಾಣುತ್ತದೆ.

*

ಈ ಅಣ್ಣತಮ್ಮಂದಿರ ಜಗಳದ ಅಂಗಳ ಯಾವುದು ಗೊತ್ತಾ? ನಮ್ಮ ಶಿಕಾರಿಪುರ, ಸೊರಬ! ಆಗ ಇದೆಲ್ಲ ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ. ಅದರ ರಾಜಧಾನಿಯಂತಿದ್ದದ್ದು ಶಿಕಾರಿಪುರದ ಬಳ್ಳಿಗಾವೆ. ರಾಜಕುಮಾರನಾಗಿದ್ದಾಗ ವಿಕ್ರಮಾದಿತ್ಯನೇ ಈ ಸೀಮೆಯ ಉಸ್ತುವಾರಿ ನೋಡಿದ್ದ. ಮುಂದೆ ತಮ್ಮ ಜಯಸಿಂಹನಿಗೆ ಬನವಾಸಿ ಕೊಟ್ಟ, ಅವನೂ ತಿರುಗಿಬಿದ್ದ, ಅವನನ್ನೂ ಸೋಲಿಸಿದ. ಅಣ್ಣನಿಗೆ ಮಾಡಿದ್ದನ್ನು ತಮ್ಮ ಇವನಿಗೆ ಮಾಡಲು ಹೊರಟ. ಆದರೆ ಬಿಲ್ಹಣನ ಪ್ರಕಾರ ಆಗ ಮಾತ್ರ ಅದು ದ್ರೋಹ!

ಬಳ್ಳಿಗಾವೆಯಿಂದ ಶಿರಾಳಕೊಪ್ಪ ದಾಟಿ ಆನವಟ್ಟಿ ಕಡೆ ಹೋದರೆ ಕುಬಟೂರು. ಶಾಸನಗಳಲ್ಲಿ ಇದು ಕುಪ್ಪಟೂರು. ಈಗ ಸಣ್ಣ ಊರು. ಆದರೆ ಇಲ್ಲಿರುವ ಕೈಟಭೇಶ್ವರ ದೇವಸ್ಥಾನ ನೋಡಿದರೆ ಆಗಿನ ಅಂತಸ್ತು ತಿಳಿಯುತ್ತದೆ. ಒಂದೇ ಗರ್ಭಗುಡಿ. ಮುಂದೆ ವಿಶಾಲವಾದ ತೆರೆದ ಮಂಟಪ, ಮೂರು ಕಡೆಯಿಂದ ಹತ್ತಿ ಬರಬಹುದು. ಬಳಪದ ಕಲ್ಲಿನಲ್ಲಿ ಕಡೆದ, ಮಿರುಗುವ ದುಂಡು ಕಂಬಗಳ ಸಾಲು.

ಕಟ್ಟಿಸಿದವರು ಯಾರು? ಇಲ್ಲೂ ಒಂದು ಸಣ್ಣ ತಕರಾರು. ಹೊಯ್ಸಳ ವಿನಯಾದಿತ್ಯನ ಕಾಲ, ಸುಮಾರು 1100 ಅನ್ನುತ್ತದೆ ಪುರಾತತ್ವ ಇಲಾಖೆ. ಕಟ್ಟಡದ ಕೈಬರಹ ಅಪ್ಪಟ ಕಲ್ಯಾಣ ಚಾಲುಕ್ಯರದ್ದು ಅನ್ನುತ್ತಾರೆ ದೇವಾಲಯ ಶಿಲ್ಪದ ವಿದ್ವಾಂಸ ಆಡಂ ಹಾರ್ಡಿ. ಹೊಯ್ಸಳರು ಆಗ ಚಾಲುಕ್ಯರ ಸಾಮಂತರೇ ಆಗಿದ್ದರಿಂದ ಎರಡೂ ಒಟ್ಟಿಗೆ ನಿಲ್ಲಬಲ್ಲವು. ದೊರೆಯ ಹೆಸರು ಬೋರ್ಡಿನಲ್ಲಿರುತ್ತದೆ, ಕೆಲಸಗಾರನ ಹೆಸರು ಅವನ ಉಳಿಯ ಗುರುತಿನಲ್ಲಿರುತ್ತದೆ, ಅಷ್ಟೇ.

ಆದರೆ ಕುಬಟೂರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕಟ್ಟಡ: ಪಾರ್ಶ್ವನಾಥ ಬಸದಿ. ಅದಕ್ಕೆ ಸಂಬಂಧಿಸಿದ ಶಾಸನ ಸುಮಾರು 1077ರದ್ದು. ವರ್ಷ ಗಮನಿಸಿ. ಅಣ್ಣನನ್ನು ಇಳಿಸಿ ತಮ್ಮ ಪಟ್ಟಕ್ಕೇರಿದ ಆ ಗಲಾಟೆಯ ಕಾಲ. ಬಿಲ್ಹಣನ ಕಾವ್ಯದಲ್ಲಿ ಆಗ ಆಕಾಶದಿಂದ ಹೂಮಳೆ. ಕುಬಟೂರಿನ ಕಲ್ಲಿನಲ್ಲಿ ಏನಿದೆ?

ಇಲ್ಲಿ ಒಬ್ಬ ರಾಣಿ ಇದ್ದಾಳೆ. ಕದಂಬ ದೊರೆ ಕೀರ್ತಿದೇವನ ಪಟ್ಟದರಸಿ ಮಾಳಲದೇವಿ. ಜೈನಳು. ಕುಪ್ಪಟೂರಿನಲ್ಲಿ ಪದ್ಮನಂದಿ ಸಿದ್ಧಾಂತದೇವರ ಮೂಲಕ ಪಾರ್ಶ್ವದೇವನ ಚೈತ್ಯಾಲಯ ಮಾಡಿಸುತ್ತಾಳೆ. ಕುಪ್ಪಟೂರು ವಿದ್ವಾಂಸ ಬ್ರಾಹ್ಮಣರ ಊರು, ದೊಡ್ಡ ಶಿವಾಲಯವಿದ್ದ ಊರು. ರಾಣಿ ಆ ಬ್ರಾಹ್ಮಣರನ್ನು ಗೌರವಿಸುತ್ತಾಳೆ, ಅವರಿಂದಲೇ ಬಸದಿಗೆ ಹೆಸರು ಇಡಿಸುತ್ತಾಳೆ. ಹೆಸರೇನು? 'ಬ್ರಹ್ಮ ಜಿನಾಲಯ'! ನಂತರ ಗಂಡನಿಂದ ಎಡೆನಾಡಿನ ಸಿಡ್ಡಣಿ ಎಂಬ ಚೆಲುವಾದ ಹಳ್ಳಿಯನ್ನು ಪಡೆದು ಬಸದಿಗೆ ದತ್ತಿ ಬಿಡುತ್ತಾಳೆ.

ಇದನ್ನು ಓದಿ ಮೊದಲು ಯಾರಿಗಾದರೂ ಬರುವ ಮಾತು, ಆಹಾ ಎಂಥಾ ಸೌಹಾರ್ದ! ನನಗೂ ಅದೇ ಬಂತು. ಆದರೆ ಗ್ರಾಂಟ್ ಸುಮ್ಮನಿರಬೇಕಲ್ಲ. ಯಾರಿಗೆ ಲಾಭ? ರಾಣಿಗೆ ಕಟ್ಟುವ ಹಣವಿತ್ತು, ಗಂಡನ ಅಧಿಕಾರವಿತ್ತು. ಊರಿನ ಮಹಾಜನರ ಅಪ್ಪಣೆ ಕೇಳದೆ ಬಸದಿ ಎಬ್ಬಿಸಬಹುದಿತ್ತು. ಹಾಗೆ ಮಾಡಲಿಲ್ಲ. ಏಕೆಂದರೆ ಕಟ್ಟುವುದು ಒಂದು ದಿನದ ಮಾತು, ಉಳಿಯುವುದು ನೂರಾರು ವರ್ಷದ ಮಾತು. ರಾಜರು ಬದಲಾಗುತ್ತಾರೆ (ಅದೇ ತಾನೇ ಕಲ್ಯಾಣದಲ್ಲಿ ಬದಲಾಗುತ್ತಿದ್ದರಲ್ಲ!), ಊರಿನವರು ಅಲ್ಲೇ ಇರುತ್ತಾರೆ. ಊರಿನವರೇ ಹೆಸರಿಟ್ಟ ಬಸದಿಯನ್ನು ಊರಿನವರೇ ಕೆಡವುವುದು ಕಷ್ಟ. ಬ್ರಾಹ್ಮಣರಿಗೂ ಮರ್ಯಾದೆ, ತಮ್ಮ ಊರಿನಲ್ಲಿ ತಮ್ಮ ಮಾತಿಗೆ ಬೆಲೆ ಎಂದು ಕಲ್ಲಿನ ಮೇಲೆ ದಾಖಲೆ. ಇದು ಗೌರವವೂ ಹೌದು, ಒಪ್ಪಂದವೂ ಹೌದು ಎಂದು ನನ್ನ ಓದು. ಹಾಗಂತ ಅದರ ಬೆಲೆ ಕಡಿಮೆಯಾಗುವುದಿಲ್ಲ. ಒಟ್ಟಿಗೆ ಬಾಳುವುದು ಎಂದರೆ ಬರೀ ಒಳ್ಳೆಯ ಮನಸ್ಸಲ್ಲ, ಕೂತು ಮಾತಾಡಿ ಬಗೆಹರಿಸಿಕೊಳ್ಳುವ ಕೆಲಸ. ಮಾಳಲದೇವಿ ಆ ಕೆಲಸ ಮಾಡಿದಳು.

ಅದು ಅಷ್ಟು ಸಲೀಸೇನೂ ಆಗಿರಲಿಲ್ಲ. ಹೆಚ್ಚು ದೂರವಿಲ್ಲದ ಅಬ್ಬಲೂರಿನಲ್ಲಿ (ಈಗಿನ ಹಿರೇಕೆರೂರು ತಾಲ್ಲೂಕು) ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯ ತಲೆಯನ್ನೇ ಪಣಕ್ಕಿಟ್ಟು ಜೈನರ ಮೇಲೆ ಗೆದ್ದದ್ದು, ಜಿನಬಿಂಬ ಒಡೆದದ್ದು, ಅಲ್ಲಿ ಶಿವಾಲಯ ಎದ್ದದ್ದು ಅದರ ಕಥೆ. ಕುಬಟೂರಿನ ಶಾಸನದಿಂದ ಅಬ್ಬಲೂರಿನ ಶಾಸನಕ್ಕೆ ಸುಮಾರು ನೂರಿಪ್ಪತ್ತು ವರ್ಷ. ಎರಡೂ ನಮ್ಮದೇ ಇತಿಹಾಸ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ನಾವೂ ಬಿಲ್ಹಣರೇ, ಛತ್ರಿ ಇಲ್ಲದ ಬಿಲ್ಹಣರು.

ಬಿಲ್ಹಣನಿಗಿಂತ ಕುಬಟೂರಿನ ಕಲ್ಲನ್ನು ನಾನು ಹೆಚ್ಚು ನಂಬುವುದು ಯಾಕೆ? ಆ ಕಲ್ಲು ಚರಿತ್ರೆ ಬರೆಯಲು ಹೊರಟದ್ದಲ್ಲ. ಅದು ನಮ್ಮ ಪಹಣಿ, ಕ್ರಯಪತ್ರ ಇದ್ದ ಹಾಗೆ. ಯಾವ ಹಳ್ಳಿ, ಯಾರಿಂದ ಯಾರಿಗೆ, ಯಾರ ಸಾಕ್ಷಿ. ಹಾಡುಹಗಲೇ ಊರಿನ ನಡುವೆ ನಿಲ್ಲಿಸಿದ್ದು. ರಾಜನ ವರ್ಣನೆಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಯಾರೂ ತಕರಾರು ಮಾಡುವುದಿಲ್ಲ. ಜಮೀನಿನ ಗಡಿಯಲ್ಲಿ ಸುಳ್ಳು ಹೇಳಿ ನೋಡಿ, ಮಾರನೇ ದಿನವೇ ಪಕ್ಕದ ಹೊಲದವನು ಬರುತ್ತಾನೆ :)

*

ಕುಬಟೂರಿನಲ್ಲಿ ಕಲ್ಲಿನ ಕಥೆ ಇರುವ ಹಾಗೆ ಬಾಯಿಮಾತಿನ ಕಥೆಗಳೂ ಇವೆ. ಅವನ್ನು ಸುಳ್ಳೆಂದು ಪಕ್ಕಕ್ಕಿಡುವ ಬದಲು ಅವು ಏನು ಮಾಡುತ್ತವೆ ನೋಡಬೇಕು.

ಹಳೆಯ ಶಾಸನಗಳಲ್ಲಿ ಇಲ್ಲಿನ ದೇವರು ಕೋಟೀಶ್ವರ. ಅದೇ ಈಗ ಕೈಟಭೇಶ್ವರ. ಬನವಾಸಿಯಲ್ಲಿ ಮಧುಕೇಶ್ವರ, ಇಲ್ಲಿ ಕೈಟಭೇಶ್ವರ. ಪುರಾಣದ ಮಧು, ಕೈಟಭ ಎಂಬ ಇಬ್ಬರು ರಾಕ್ಷಸರ ಹೆಸರಿನಲ್ಲಿ ಎರಡು ಊರುಗಳು ಜೋಡಿಯಾದವು. ಕದಂಬರ ಮೂಲಸ್ಥಾನ ಬನವಾಸಿಯ ಜೊತೆ ತಮ್ಮ ಊರಿಗೂ ರಕ್ತಸಂಬಂಧ ಇದೆ ಎಂದು ಹೇಳಿಕೊಳ್ಳುವ ದಾರಿ ಅದು. ಒಟ್ಟಿಗೆ ಹೋರಾಡಿ ಒಟ್ಟಿಗೆ ಸತ್ತ ರಾಕ್ಷಸ ಸಹೋದರರಿಗೆ ಎರಡು ಗುಡಿ, ಒಬ್ಬರನ್ನೊಬ್ಬರು ಇಳಿಸಿದ ರಾಜ ಸಹೋದರರಿಗೆ ಒಂದೇ ಕಾವ್ಯ. ಯೋಚಿಸಿದರೆ ತಮಾಷೆಯಾಗಿದೆ.

ಇನ್ನೊಂದು ಐತಿಹ್ಯ ಚಂದ್ರಹಾಸನದು. ಕುಬಟೂರೇ ಚಂದ್ರಹಾಸ ಆಳಿದ ಕುಂತಳನಗರ ಎನ್ನುತ್ತಾರೆ. ಇಲ್ಲಿನ ಚಿಂತಾಮಣಿ ನರಸಿಂಹನನ್ನು ಅವನೇ ಪ್ರತಿಷ್ಠೆ ಮಾಡಿದನಂತೆ. ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ, ಯಕ್ಷಗಾನದಿಂದ ನಮಗೆಲ್ಲ ಗೊತ್ತಿರುವ ಕಥೆ. ಗೊತ್ತಿದ್ದರೂ ಒಮ್ಮೆ ಪತ್ತೇದಾರಿ ಕಣ್ಣಿನಿಂದ ನೋಡಿ. ತಬ್ಬಲಿ ರಾಜಕುಮಾರ, ಗುರುತಿಗೆ ಎಡಗಾಲಿನಲ್ಲಿ ಆರನೇ ಬೆರಳು. ಕೊಲ್ಲಲು ಹೋದವರು ಮರುಗಿ ಆ ಬೆರಳನ್ನಷ್ಟೇ ಕತ್ತರಿಸಿ ಸುಳ್ಳು ಸಾಕ್ಷಿ ಒಯ್ಯುತ್ತಾರೆ. ಮಂತ್ರಿ ದುಷ್ಟಬುದ್ಧಿಯ ಕೈಯಿಂದ ಮುಚ್ಚಿದ ಪತ್ರ, ಒಳಗೆ ವಿಷ ಕೊಡು ಎಂಬ ಆಜ್ಞೆ. ಮಂತ್ರಿಯ ಮಗಳು ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ವಿಷವನ್ನು ವಿಷಯೆ ಮಾಡುತ್ತಾಳೆ. ಕೊನೆಗೆ ಹೆಣೆದ ಬಲೆಗೆ ಸ್ವಂತ ಮಗನೇ ಬೀಳುತ್ತಾನೆ. ಖೊಟ್ಟಿ ದಾಖಲೆ, ಸುಳ್ಳು ಸಾಕ್ಷಿ, ಗುರಿ ತಪ್ಪಿದ ಕೊಲೆ ಎಲ್ಲವೂ ಇದೆ! ನಮ್ಮ ಮೊದಲ ಇತಿಹಾಸದ ಪತ್ತೇದಾರಿ ಕಥೆ ಇದೇ ಇರಬೇಕು.

ಮತ್ತು ಇದರ ಪಾಠವೂ ಇತಿಹಾಸ ಓದುವವರಿಗೇ ಹೇಳಿ ಮಾಡಿಸಿದ್ದು: ರಾಜಮುದ್ರೆ ಇದೆ ಎಂದು ಪತ್ರವನ್ನು ನಂಬಬೇಡ, ಅಕ್ಷರ ಯಾರು ತಿದ್ದಿದರು ನೋಡು.

ಈ ಸೀಮೆಯ ಕೆಲವು ಶಾಸನಗಳೂ ಇಂಥದ್ದೇ ಆಟ ಆಡಿವೆ. ಕುಂತಳವನ್ನು ನಂದರು ಆಳಿದರು, ನಾಗರಖಂಡವನ್ನು ಚಂದ್ರಗುಪ್ತ ಕಾಪಾಡಿದ ಎಂದೆಲ್ಲ ಬರೆದಿವೆ. ಬರೆದದ್ದು ನಂದ, ಮೌರ್ಯರಾಗಿ ಸಾವಿರದ ಐನೂರು ವರ್ಷದ ಆಚೀಚೆ. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಎಲ್ಲವೂ ಪುರಾವೆಯಲ್ಲ. ದತ್ತಿಯ ಭಾಗವನ್ನು ಪಹಣಿಯಂತೆ ಓದಬೇಕು, ವಂಶದ ಭಾಗವನ್ನು ಕಾದಂಬರಿಯಂತೆ.

*

ಕುಬಟೂರು ಕಲಿಸಿದ ಈ ಪಾಠ ಹಿಡಿದು ಕನ್ನಡದ ಪುಸ್ತಕಗಳಿಗೆ ಮರಳಿದೆ.

ಮೊದಲು ಪಕ್ಕದ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬ, ನನ್ನ ಲೆಕ್ಕದಲ್ಲಿ, ಕನ್ನಡ ನೆಲದ ಮೊದಲ ರಾಜಚರಿತ್ರೆ. ಐದನೇ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ಬ್ರಾಹ್ಮಣ ವಿದ್ಯಾರ್ಥಿ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಕಂ‍ಚಿಯ ಘಟಿಕೆಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಅಲ್ಲಿದೆ. ಆದರೆ ನಮ್ಮ ತಲೆಯಲ್ಲಿರುವ ಮಯೂರ ಯಾರು? ದೇವುಡು ಅವರ ಕಾದಂಬರಿಯಿಂದ ಬಂದ, 1975ರ ಸಿನಿಮಾದಲ್ಲಿ ರಾಜ್‌ಕುಮಾರ್ ಆದ ಮಯೂರ. ಸಿನಿಮಾದಲ್ಲಿ ಅವನು ತಾನೇ ಅರಿಯದ ರಾಜಕುಮಾರ, ಹುಟ್ಟಿನ ರಹಸ್ಯ ಕೊನೆಗೆ ಬಯಲಾಗುತ್ತದೆ. ಸಿನಿಮಾ ನನಗೂ ಪ್ರಾಣ. ಆದರೆ ಕಂಬದ ಮಯೂರಶರ್ಮ ಇನ್ನೂ ದೊಡ್ಡವನು ಅನ್ನಿಸುತ್ತದೆ. ಕಳೆದುಹೋದ ರಾಜ್ಯ ವಾಪಸು ಪಡೆದವನಲ್ಲ ಅವನು, ಅವಮಾನವಾದ ಮೇಲೆ ಇಲ್ಲದ ರಾಜ್ಯವನ್ನು ಕಟ್ಟಿದವನು.

ಶಾಂತಲೆಯ ಕಥೆಯೂ ಇಲ್ಲಿಗೆ ಬರುತ್ತದೆ. ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲಾದೇವಿ' (1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಪಡೆದದ್ದು) ಬಳ್ಳಿಗಾವೆಯ ಹೆಗ್ಗಡೆಯ ಮಗಳಾಗಿ ಅವಳನ್ನು ಬೆಳೆಸುತ್ತದೆ. ಬಿಲ್ಹಣನ ಸ್ವಯಂವರದ ಚಂದಲದೇವಿ ಈ ಕಾದಂಬರಿಯಲ್ಲಿ ಹೆಗ್ಗಡೆಯ ಮನೆಗೇ ಗುಟ್ಟಾಗಿ ಬಂದು ತಂಗುತ್ತಾಳೆ! ಶಿವಗಂಗೆಯಲ್ಲಿ ಇವತ್ತಿಗೂ 'ಶಾಂತಲಾ ಡ್ರಾಪ್' ಎಂದು ಬಂಡೆ ತೋರಿಸಿ, ಇಲ್ಲಿಂದಲೇ ಹಾರಿದಳು ಎನ್ನುತ್ತಾರೆ. ಆದರೆ ಶ್ರವಣಬೆಳಗೊಳದ ಶಾಸನ ಹೇಳುವುದು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆ ಮುಡಿಪಿ ಸ್ವರ್ಗಸ್ಥಳಾದಳು ಎಂದಷ್ಟೇ. ಹಾರಿದ ಮಾತು ಕಲ್ಲಿನಲ್ಲಿಲ್ಲ, ಬಾಯಲ್ಲಿದೆ. ಒಂದು ಬಂಡೆಗೆ ಹೆಸರಿಟ್ಟರೆ ಸಾಕು, ಒಬ್ಬ ರಾಣಿಯ ಇಡೀ ಬದುಕು ಅವಳ ಸಾವಿನೊಳಗೆ ಮುಚ್ಚಿಹೋಗುತ್ತದೆ.

ಕೊನೆಯದು ಗೇರುಸೊಪ್ಪೆಯ ಚೆನ್ನಭೈರಾದೇವಿ. ಕೆ.ಎನ್. ಗಣೇಶಯ್ಯ ಅವರ 'ಬಳ್ಳಿಕಾಳ ಬೆಳ್ಳಿ' ಮತ್ತು ಗಜಾನನ ಶರ್ಮ ಅವರ 'ಚೆನ್ನಭೈರಾದೇವಿ', ಎರಡೂ ಅವಳ ಸುತ್ತಲಿನವೇ. ಗಣೇಶಯ್ಯನವರದು ಅಪ್ಪಟ ಪತ್ತೇದಾರಿ ದಾರಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಯಾಕಿದೆ ಎಂಬ ಪ್ರಶ್ನೆಯಿಂದ 'ಕನಕ ಮುಸುಕು' ಕಟ್ಟಿದವರು ಅವರು. ಕೃಷಿ ವಿಜ್ಞಾನಿಯ ಅನುಮಾನ ಅದು. ಗಜಾನನ ಶರ್ಮರದು ಜೀವನಚರಿತ್ರೆಯ ದಾರಿ. ತಮ್ಮ ಪುಸ್ತಕವನ್ನು ಅವರು ಕರಿಮೆಣಸಿನ ರಾಣಿಯ 'ಅಕಳಂಕ ಚರಿತೆ' ಎಂದು ಕರೆದಿದ್ದಾರೆ. ಅಕಳಂಕ ಅನ್ನಬೇಕಾಗಿ ಬಂದದ್ದು ಯಾಕೆ? ಅವಳನ್ನು ಸೋಲಿಸಿದ್ದು ಕೆಳದಿಯ ವೆಂಕಟಪ್ಪ ನಾಯಕ. ಅವಳು ಕೊನೆಯುಸಿರೆಳೆದದ್ದು ಇಕ್ಕೇರಿಯ ಸೆರೆಯಲ್ಲಿ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ, ಗೇರುಸೊಪ್ಪೆಯ ರಾಣಿ ಪ್ರೇಮಿಯೊಬ್ಬನನ್ನು ನಂಬಿ ರಾಜ್ಯ ಕಳಕೊಂಡಳು ಎಂದು ಬರೆದಿಟ್ಟ. ಗೆದ್ದವರ ಊರಿನಲ್ಲಿ ಸೋತವಳ ಬಗ್ಗೆ ಕೇಳಿದ ಮಾತು ಅದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವಳ ವಿಷಯದಲ್ಲಿ ಮೆಣಸಿಗೆ ಹೋದ ಮಾನ ವಾಪಸು ಬರಲು ಎರಡು ಕನ್ನಡ ಕಾದಂಬರಿ ಬೇಕಾದವು, ನಾಲ್ಕು ಶತಮಾನ ಬೇಕಾಯಿತು.

ಸೋತ ಗಂಡಿನ ಮೇಲೆ ಬರುವ ಆರೋಪ ಕ್ರೌರ್ಯ. ಸೋತ ಹೆಣ್ಣಿನ ಮೇಲೆ ಬರುವ ಆರೋಪ ನಡತೆ. ಈ ಪುಸ್ತಕಗಳನ್ನು ಸಾಲಾಗಿ ಓದಿದ ಮೇಲೆ ಇದು ಕಣ್ಣಿಗೆ ಕುಕ್ಕುತ್ತದೆ.

*

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈಗ ನಮ್ಮ ಮೊಬೈಲಿಗೆ ದಿನಕ್ಕೆ ಹತ್ತು ಇತಿಹಾಸ ಬಂದು ಬೀಳುತ್ತವೆ. ಯಾವ ದೊರೆ ಧರ್ಮಾತ್ಮ, ಯಾವನು ಪಾಪಿ, ಯಾವ ಗುಡಿ ಮೊದಲು ಯಾರದ್ದಾಗಿತ್ತು... ಎಲ್ಲದಕ್ಕೂ ಸಿದ್ಧ ಉತ್ತರ. ಬರೆದವರು ಯಾರೆಂದು ಮಾತ್ರ ಇರುವುದಿಲ್ಲ. ಬಿಲ್ಹಣನಾದರೂ ಕೊನೆಯ ಸರ್ಗದಲ್ಲಿ ತನ್ನ ಊರು, ವಂಶ, ಸುತ್ತಾಟ ಎಲ್ಲ ಹೇಳಿಕೊಂಡ. ಆ ಮಟ್ಟಿಗೆ ಅವನು ಪ್ರಾಮಾಣಿಕ.

ಕಾದಂಬರಿ ಓದಬೇಡಿ ಅನ್ನುತ್ತಿಲ್ಲ. ಮೊದಲು ಕಾದಂಬರಿಯನ್ನೇ ಓದಿ, ಅನುಮಾನ ಪಡುವುದನ್ನು ಅದು ಕಲಿಸುತ್ತದೆ. ಆಮೇಲೆ ರಾಜಚರಿತ್ರೆ ಓದಿ, ಅನುಮಾನ ಪಡಲು ಬೇಕಾದಷ್ಟು ಸರಕು ಅದರಲ್ಲಿದೆ. ಅದಾದ ಮೇಲೆ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ತೆರೆಯಿರಿ. ಶಿಕಾರಿಪುರದ ಶಾಸನಗಳು 1902ರ 7ನೇ ಸಂಪುಟದಲ್ಲಿವೆ, ಸೊರಬದವು 1904ರ 8ನೇ ಸಂಪುಟದಲ್ಲಿ. ಹಳೆಯ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಊರಿನ ಹೆಸರು ಹುಡುಕಿ. ನೂರಾರು ವರ್ಷ ಹಿಂದೆ ನಿಮ್ಮ ಊರಿನಲ್ಲಿ ಯಾರು ಕೆರೆ ಕಟ್ಟಿಸಿದರು, ಯಾರು ದನ ಬಿಡಿಸಲು ಹೋಗಿ ಸತ್ತು ವೀರಗಲ್ಲಾದರು, ಗೊತ್ತಾಗುತ್ತದೆ. ಅವರ ಮೇಲೆ ಯಾರೂ ಹದಿನೆಂಟು ಸರ್ಗ ಬರೆದಿಲ್ಲ.

ಸಾಧ್ಯವಾದರೆ ಕುಬಟೂರಿಗೂ ಹೋಗಿ. ಕೈಟಭೇಶ್ವರನ ಕಂಬಗಳನ್ನು ನೋಡಿ ಹಾಗೇ ಹೊರಟುಬಿಡಬೇಡಿ, ಬಸದಿಯನ್ನೂ ಕೇಳಿಕೊಂಡು ಹೋಗಿ. ವಿಕ್ರಮಾದಿತ್ಯನ ಹೆಸರು ಹೇಳಲು ಎರಡು ಕಾವ್ಯಗಳಿವೆ, ಒಂದು ಶಕೆಯಿದೆ. ಮಾಳಲದೇವಿಯ ಹೆಸರು ಹೇಳಲು ಅಲ್ಲಿ ಇರುವುದು ಕಲ್ಲಿನ ಮೇಲಿನ ಕೆಲವು ಸಾಲು. ಅದನ್ನು ಓದುವವರು ಇದ್ದಷ್ಟು ದಿನ ಅವಳ ಒಪ್ಪಂದ ಊರ್ಜಿತ.